ಒಂದು ಕೀಯೊಳಗೆ ಮೂರು ಕೀ

ಹೋದ ವರ್ಷ ಒಂದು ಭಾನುವಾರ ಕ್ಯಾತಸಂದ್ರದಿಂದ ಭಾವ ಫೋನ್ ಮಾಡಿದರು. ದೇವರಾಯನದುರ್ಗಕ್ಕೆ ಹೋದಾಗ ಕಾರಿನ ಎರಡು ಕೀಗಳಲ್ಲಿ ಒಂದು ಎಲ್ಲೋ ಬಿದ್ದುಹೋಗಿತ್ತು. ಉಳಿದ ಕೀ ತೋರಿಸಿ ತುಮಕೂರಿನ ಪೇಟೆಯಲ್ಲಿ ಹೊಸದೊಂದು ಮಾಡಿಸಿದ್ದರು. "ಬಾಗಿಲು ತೆಗಿಯುತ್ತೆ, ಸೆಲ್ಫ್ ಹೊಡಿಯುತ್ತೆ, ಗಾಡಿ ಒಂದು ಸೆಕೆಂಡ್ ಸ್ಟಾರ್ಟ್ ಆಗಿ ಆಫ್ ಆಗಿಬಿಡುತ್ತೆ. ಕೀ ಮಾಡಿದವನು ಟೋಪಿ ಹಾಕಿಬಿಟ್ಟ ಕಣೋ" ಅಂದರು.

ಅವನು ಟೋಪಿ ಹಾಕಿರಲಿಲ್ಲ. ಕೀಯ ಹಲ್ಲುಗಳನ್ನು ಅಚ್ಚುಕಟ್ಟಾಗಿಯೇ ಕತ್ತರಿಸಿದ್ದ. ಇಲ್ಲದಿದ್ದರೆ ಬಾಗಿಲೂ ತೆರೆಯುತ್ತಿರಲಿಲ್ಲ, ಸೆಲ್ಫೂ ಹೊಡೆಯುತ್ತಿರಲಿಲ್ಲ. ಭಾವ ಕೇಳಿದ್ದು ಒಂದು ಕೀ, ಅವನು ಕೊಟ್ಟಿದ್ದೂ ಒಂದು ಕೀ. ಆದರೆ ಈಗಿನ ಕಾರಿನ ಕೀ ಅನ್ನುವುದು ಒಂದಲ್ಲ, ಮೂರು. ಬೀಗ ತಿರುಗಿಸುವ ಲೋಹದ ಪಟ್ಟಿ ಮೊದಲನೆಯದು. ಎಂಜಿನ್ ಓಡಲು ಒಪ್ಪಿಗೆ ಕೊಡಿಸುವ ಚಿಪ್ ಎರಡನೆಯದು. ದೂರದಿಂದ ಬಾಗಿಲು ತೆಗೆಯುವ ರಿಮೋಟ್ ಮೂರನೆಯದು. ಮೂರೂ ಒಂದೇ ಪ್ಲಾಸ್ಟಿಕ್ ತಲೆಯೊಳಗೆ ಕೂತಿರುವುದರಿಂದ ನಮಗೆ ಒಂದೇ ಅನ್ನಿಸುತ್ತದೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲದಿರಬಹುದು. ಈ ಒಂದು ಮಾತು ಮನಸ್ಸಿನಲ್ಲಿದ್ದರೆ ಕೀ ಬದಲಿಸುವ ಕೆಲಸದಲ್ಲಿ ನಾವೇ ಎಷ್ಟು ಮಾಡಿಕೊಳ್ಳಬಹುದು, ಕೀ ಮಾಡುವವರ ಹತ್ತಿರ ಯಾವುದಕ್ಕೆ ಹೋಗಬೇಕು, ಕಂಪನಿಯ ಸರ್ವಿಸ್ ಸೆಂಟರ್‌ಗೆ ಯಾವಾಗ ಹೋಗಲೇಬೇಕು ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ.

ಭಾವನ ಮನೆಗೆ ಹೋಗಿ ಒಂದು ಸಣ್ಣ ಪರೀಕ್ಷೆ ಮಾಡಿ ತೋರಿಸಿದೆ. ಹೊಸ ಕೀ ಹಾಕಿದೆ. ಹಳೆ ಕೀಯ ತಲೆಯನ್ನು ಅದರ ಪಕ್ಕಕ್ಕೇ, ಬೀಗದ ಬಾಯಿಗೆ ತಾಗುವ ಹಾಗೆ ಒತ್ತಿ ಹಿಡಿದೆ. ಆಮೇಲೆ ಹೊಸ ಕೀ ತಿರುಗಿಸಿದೆ. ಗಾಡಿ ಸ್ಟಾರ್ಟ್ ಆಯಿತು, ಆಫ್ ಆಗಲಿಲ್ಲ. ಹಳೆ ಕೀಯನ್ನು ದೂರ ತೆಗೆದೆ. ಆಗಲೂ ಎಂಜಿನ್ ಓಡುತ್ತಲೇ ಇತ್ತು. ಯಾಕೆಂದರೆ ತಪಾಸಣೆ ನಡೆಯುವುದು ಸ್ಟಾರ್ಟ್ ಮಾಡುವ ಹೊತ್ತಿನಲ್ಲಿ ಮಾತ್ರ. "ಹಂಗಾದ್ರೆ ಗಾಡಿ ನೋಡೋದು ಹಲ್ಲನ್ನಲ್ಲ, ತಲೇನ" ಅಂದರು ಭಾವ. ಇದಕ್ಕಿಂತ ಚೆನ್ನಾಗಿ ಹೇಳಲು ನನಗೂ ಬರುವುದಿಲ್ಲ.

ಈ ಚಿಪ್ ಹೇಗೆ ಕೆಲಸ ಮಾಡುತ್ತದೆ ಅನ್ನುವುದೇ ಇಡೀ ವಿಷಯದಲ್ಲಿ ನನಗೆ ಜಾಸ್ತಿ ಇಷ್ಟವಾದ ಭಾಗ. ಅದಕ್ಕೆ ಬ್ಯಾಟರಿ ಬೇಡ. ಇಗ್ನಿಷನ್ ಬೀಗದ ಬಾಯಿಯ ಸುತ್ತ, ಪ್ಲಾಸ್ಟಿಕ್ ಬಳೆಯೊಳಗೆ ತಾಮ್ರದ ತಂತಿಯ ಸುರುಳಿ ಇರುತ್ತದೆ. ಕೀ ತಿರುಗಿಸಿದ ಕೂಡಲೇ ಆ ಸುರುಳಿಗೆ ಕರೆಂಟ್ ಬರುತ್ತದೆ. ಸಾಮಾನ್ಯವಾಗಿ ಸೆಕೆಂಡಿಗೆ 1,25,000 ಸಲ, ಅಂದರೆ 125 ಕಿಲೋಹರ್ಟ್ಸ್ ವೇಗದಲ್ಲಿ ಅದು ಮಿಡಿಯುತ್ತದೆ. ಚಿಪ್ಪಿನೊಳಗೂ ಕೂದಲೆಳೆಯಷ್ಟು ಸಣ್ಣ ತಂತಿಯ ಸುರುಳಿ ಇದೆ. ಇಂಡಕ್ಷನ್ ಒಲೆಯಲ್ಲಿ ಬೆಂಕಿ ಇಲ್ಲದೆ ಪಾತ್ರೆ ಬಿಸಿಯಾಗುತ್ತದಲ್ಲ, ಅದೇ ಥರ ಬಳೆಯ ಮಿಡಿತದಿಂದ ಚಿಪ್ಪಿನ ಸುರುಳಿಯಲ್ಲಿ ಚೂರು ಕರೆಂಟ್ ಹುಟ್ಟುತ್ತದೆ. ಆ ಚೂರು ಕರೆಂಟಿನಲ್ಲೇ ಚಿಪ್ ಎಚ್ಚರಗೊಂಡು ಉತ್ತರ ಕೊಡುತ್ತದೆ. ಈ ಆಟ ನಡೆಯುವುದು ಕೆಲವು ಸೆಂಟಿಮೀಟರ್ ಅಂತರದೊಳಗೆ ಮಾತ್ರ. ಹಳೆ ಕೀಯನ್ನು ಬೀಗದ ಬಾಯಿಗೇ ಒತ್ತಿ ಹಿಡಿದದ್ದು ಅದಕ್ಕೇ.

ಉತ್ತರದಲ್ಲಿ ಎರಡು ಬಗೆ. ಹಳೆಯ ಚಿಪ್‌ಗಳು ತಮ್ಮ ನಂಬರ್ ಅಷ್ಟೇ ಹೇಳುತ್ತವೆ. ಆ ನಂಬರನ್ನು ಒಮ್ಮೆ ಓದಿಕೊಂಡರೆ ಇನ್ನೊಂದು ಖಾಲಿ ಚಿಪ್ಪಿಗೆ ಬರೆಯುವುದು ಸುಲಭ. ಅವುಗಳ ನಂತರದವು ಸ್ವಲ್ಪ ಜಾಣ. ಮಗ್ಗಿ ಕೇಳುವ ಮೇಷ್ಟ್ರ ಹಾಗೆ ಗಾಡಿ ಪ್ರತಿ ಸಲ ಬೇರೆ ಪ್ರಶ್ನೆ ಕೇಳುತ್ತದೆ. ಚಿಪ್ ತನಗೂ ಗಾಡಿಗೂ ಮಾತ್ರ ಗೊತ್ತಿರುವ ಗುಟ್ಟಿನ ಮಗ್ಗಿಯಿಂದ ಲೆಕ್ಕ ಹಾಕಿ ಉತ್ತರ ಹೇಳುತ್ತದೆ. ಉತ್ತರ ಸರಿ ಬಂದರೆ ಎಂಜಿನ್ ಕಂಪ್ಯೂಟರ್ ಪೆಟ್ರೋಲ್ ಬಿಡುತ್ತದೆ. ತಪ್ಪಾದರೆ ಪೆಟ್ರೋಲ್ ನಿಲ್ಲುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಕೀ ಚಿತ್ರದ ದೀಪ ಮಿನುಗುತ್ತದೆ. ಕಾರು ಕಳವು ತಡೆಯಲು ಯುರೋಪಿನಲ್ಲಿ 1998ರ ಅಕ್ಟೋಬರ್‌ನಿಂದ ಹೊಸ ಕಾರುಗಳಿಗೆ ಈ ವ್ಯವಸ್ಥೆ ಕಡ್ಡಾಯವಾಯಿತು. ಇಂಜಿನ್ ಇಮೊಬಿಲೈಸರ್ ಅಂತ ಕಾರಿನ ಪುಸ್ತಕದಲ್ಲಿ ಬರೆದಿರುತ್ತದಲ್ಲ, ಅದು ಇದೇ.

ಭಾವನ ಕಥೆ ಮುಗಿದದ್ದು ಹೀಗೆ. ಚಿಪ್ ಕಾಪಿ ಮಾಡುವ ಯಂತ್ರ ಇಟ್ಟುಕೊಂಡ ಅಂಗಡಿಯಲ್ಲಿ ಉಳಿದ ಕೀಯ ಚಿಪ್ಪನ್ನು ಇನ್ನೊಂದಕ್ಕೆ ಬರೆಸಿ, ಹೊಸ ಕೀಯ ತಲೆಯಲ್ಲಿ ಕೂರಿಸಿದೆವು. ಜೊತೆಗೆ ಸರ್ವಿಸ್ ಸೆಂಟರ್‌ಗೆ ಹೋಗಿ ಕಳೆದುಹೋದ ಕೀಯನ್ನು ಗಾಡಿಯ ನೆನಪಿನಿಂದ ಅಳಿಸಿ ಅಂತ ಕೇಳಿಕೊಂಡೆವು. ಇದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ಕಳೆದ ಕೀ ಯಾರ ಕೈಗಾದರೂ ಸಿಕ್ಕರೆ ಅದು ಬಾಗಿಲು ತೆಗೆಯಬಹುದು. ಆದರೆ ಅಳಿಸಿದ ಮೇಲೆ ಗಾಡಿ ಸ್ಟಾರ್ಟ್ ಆಗುವುದಿಲ್ಲ.

ಈಗ ನನ್ನ ಕೀಗೆ ಬರುತ್ತೇನೆ. ನನ್ನದು 2011ರ ಸಣ್ಣ ಕಾರು. ಚಿಪ್ ಇರುವ ಕೀ ಬೇರೆ, ರಿಮೋಟ್ ಬೇರೆ. ಎರಡೂ ಒಂದೇ ಗೊಂಚಲಲ್ಲಿ ತೂಗಾಡಿ ತೂಗಾಡಿ ರಿಮೋಟಿನ ರಬ್ಬರ್ ಬಟನ್ ಹರಿದುಹೋಗಿತ್ತು. ಮಳೆಗಾಲದಲ್ಲಿ ಅಲ್ಲಿಂದ ನೀರು ಇಳಿಯುತ್ತಿತ್ತು. ಎರಡನ್ನೂ ಸೇರಿಸಿ, ಬಟನ್ ಒತ್ತಿದರೆ ಚಾಕುವಿನ ಹಾಗೆ ಮಡಚಿ ಬಿಚ್ಚಿಕೊಳ್ಳುವ ಒಂದೇ ಕೀ ಮಾಡಿಕೊಳ್ಳಬೇಕು ಅಂತ ಆಸೆ ಇತ್ತು. ಅಂಥ ಖಾಲಿ ಕೇಸ್‌ಗಳು ಕಾರಿನ ಮಾಡೆಲ್‌ಗೆ ತಕ್ಕಂತೆ ಸಿಗುತ್ತವೆ. ಒಳಗೆ ರಿಮೋಟಿನ ಸರ್ಕ್ಯೂಟ್ ಬೋರ್ಡ್ ಕೂರುವ ಜಾಗ, ಚಿಪ್ ಕೂರುವ ಗುಂಡಿ, ಇನ್ನೂ ಹಲ್ಲು ಕತ್ತರಿಸದ ಲೋಹದ ಪಟ್ಟಿ, ಎಲ್ಲವೂ ಇರುತ್ತವೆ. ನಾನು 480 ರೂಪಾಯಿ ಕೊಟ್ಟೆ. ಹಳೆ ಚಿಪ್ಪನ್ನೂ ಹಳೆ ಬೋರ್ಡನ್ನೂ ಹೊಸ ಮನೆಗೆ ಸಾಗಿಸುವುದಷ್ಟೇ ಆದ್ದರಿಂದ ಗಾಡಿಗೆ ಹೊಸದಾಗಿ ಏನನ್ನೂ ಕಲಿಸಬೇಕಾಗಿಲ್ಲ. ಈ ಕೆಲಸ ಮನೆಯಲ್ಲೇ ಆಗುವುದು ಈ ಕಾರಣಕ್ಕೆ.

ತರಿಸುವ ಮುಂಚೆ ನೋಡಬೇಕಾದ್ದು ಎರಡು. ಲೋಹದ ಪಟ್ಟಿಯ ಮೈಮೇಲೆ ಉದ್ದಕ್ಕೆ ಗೀರು ಇರುತ್ತವೆ. ಹಳೆ ಕೀಯನ್ನೂ ಹೊಸದನ್ನೂ ತುದಿಯ ಕಡೆಯಿಂದ ಎದುರುಬದುರು ಹಿಡಿದು ನೋಡಿದರೆ ಆ ಗೀರುಗಳು ಕನ್ನಡಿಯಲ್ಲಿ ಕಂಡ ಹಾಗೆ ಹೊಂದಬೇಕು. ಹೊಂದದಿದ್ದರೆ ಹಲ್ಲು ಎಷ್ಟೇ ಚೆನ್ನಾಗಿ ಕತ್ತರಿಸಿದರೂ ಬೀಗದೊಳಗೆ ಇಳಿಯುವುದೇ ಇಲ್ಲ. ಇನ್ನೊಂದು, ರಿಮೋಟಿನ ಬೋರ್ಡ್. ಅದನ್ನು ಬಿಚ್ಚಿ ಬಿಳಿ ಹಾಳೆಯ ಮೇಲಿಟ್ಟು ಸುತ್ತ ಪೆನ್ಸಿಲ್ ಗೆರೆ ಎಳೆದುಕೊಳ್ಳಿ. ಬಟನ್‌ಗಳು ಎಲ್ಲಿವೆ ಅಂತಲೂ ಗುರುತು ಹಾಕಿ. ಕೇಸ್ ಮಾರುವವರು ಒಳಗಿನ ಫೋಟೋ ಹಾಕಿರುತ್ತಾರೆ. ಅದಕ್ಕೂ ಇದಕ್ಕೂ ತಾಳೆ ನೋಡಿ. ಹೊರಗಿನಿಂದ ಒಂದೇ ಥರ ಕಾಣುವ ಕೇಸ್‌ಗಳ ಒಳಗು ಬೇರೆ ಬೇರೆ.

ಹಲ್ಲು ಕತ್ತರಿಸುವ ಕೆಲಸ ಮಾತ್ರ ಕೀ ಮಾಡುವವರದ್ದೇ. ಅರ ಹಿಡಿದು ಮನೆಯಲ್ಲಿ ಉಜ್ಜಲು ಹೋಗಬೇಡಿ. ಅರ್ಧ ಮಿಲಿಮೀಟರ್ ತಪ್ಪಿದರೂ ಬೀಗದೊಳಗಿನ ಸಣ್ಣ ತಗಡುಗಳು ಸಾಲಿಗೆ ಬರುವುದಿಲ್ಲ. ಇಲ್ಲೊಂದು ಸೂಕ್ಷ್ಮ ಇದೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಕೀ ಮಾಡುವ ಯಂತ್ರದಲ್ಲಿ ಎರಡು ಹಿಡಿ ಇರುತ್ತವೆ. ಒಂದರಲ್ಲಿ ಹಳೆ ಕೀ, ಇನ್ನೊಂದರಲ್ಲಿ ಹೊಸ ಪಟ್ಟಿ. ಹಳೆಯದರ ಹಲ್ಲುಗಳ ಮೇಲೆ ಒಂದು ಮೊನೆ ಸವರಿಕೊಂಡು ಹೋಗುತ್ತದೆ, ಅದು ಏರಿ ಇಳಿದ ಹಾಗೆಲ್ಲ ಪಕ್ಕದ ಚಕ್ರ ಹೊಸ ಪಟ್ಟಿಯನ್ನು ಕೊರೆಯುತ್ತದೆ. ಹತ್ತು ಹನ್ನೆರಡು ವರ್ಷ ದಿನಾ ತಿರುಗಿಸಿದ ಕೀಯ ಹಲ್ಲುಗಳು ಸವೆದಿರುತ್ತವೆ. ಯಂತ್ರ ಆ ಸವೆತವನ್ನೂ ಚಾಚೂ ತಪ್ಪದೆ ಇಳಿಸುತ್ತದೆ. ಹೊಸ ಕೀ ಹುಟ್ಟುವಾಗಲೇ ಮುದಿಯಾಗಿರುತ್ತದೆ. ಅದಕ್ಕೇ ಬೀರುವಿನಲ್ಲಿ ಮಲಗಿರುವ ಎರಡನೇ ಕೀಯನ್ನು ತೆಗೆದುಕೊಂಡು ಹೋಗಿ. ನಾನು ಹಾಗೇ ಮಾಡಿದೆ. ಕಾರು ಕೊಂಡಾಗ ಕೀ ಜೊತೆ ನಂಬರ್ ಕೊರೆದ ಸಣ್ಣ ಬಿಲ್ಲೆ ಕೊಟ್ಟಿರುತ್ತಾರೆ. ಹಲ್ಲುಗಳ ಅಳತೆ ಆ ನಂಬರಿನಲ್ಲಿದೆ. ಎರಡೂ ಕೀ ಸವೆದಿದ್ದರೆ ಆ ಬಿಲ್ಲೆಯೇ ಗತಿ. ಅದನ್ನು ಕೀ ಗೊಂಚಲಿನಲ್ಲಿ ಮಾತ್ರ ಹಾಕಿಕೊಂಡು ತಿರುಗಬೇಡಿ. ಗೊಂಚಲು ಕಳೆದರೆ ಬಿಲ್ಲೆಯೂ ಹೋಯಿತು.

ಹಲ್ಲು ಕತ್ತರಿಸಿಕೊಂಡು ಬಂದ ಕೂಡಲೇ, ಏನನ್ನೂ ಬಿಚ್ಚುವ ಮುಂಚೆ, ಹೊಸ ಪಟ್ಟಿಯನ್ನು ಎಲ್ಲಾ ಬೀಗಗಳಿಗೂ ಹಾಕಿ ನೋಡಿ. ಡ್ರೈವರ್ ಬಾಗಿಲು, ಹಿಂದಿನ ಡಿಕ್ಕಿ, ಇಗ್ನಿಷನ್. ಒತ್ತಾಯ ಮಾಡದೆ ತಿರುಗಬೇಕು. ನನ್ನದು ಬಾಗಿಲಲ್ಲಿ ಸಲೀಸಾಗಿ ತಿರುಗಿತು, ಇಗ್ನಿಷನ್‌ನಲ್ಲಿ ಚೂರು ತೊಡಕಿತು. ವಾಪಸ್ ಹೋದಾಗ ಕೀ ಮಾಡುವವರು ಅಂಚಿನಲ್ಲಿ ಉಳಿದಿದ್ದ ಲೋಹದ ಮುಳ್ಳನ್ನು ತಂತಿಯ ಬ್ರಶ್ಶಿಗೆ ಎರಡು ಸಲ ತಾಗಿಸಿ ಕೊಟ್ಟರು. ಸರಿಹೋಯಿತು.

ಇನ್ನು ಬಿಚ್ಚುವ ಕೆಲಸ. ನಮ್ಮ ಚಿಕ್ಕಪ್ಪ ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷ ಆಯಿತು, ಅವರ ಚಿಮುಟ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಮಸೂರ, ಬೆರಳುದ್ದದ ಸ್ಕ್ರೂಡ್ರೈವರ್‌ಗಳು ಈಗಲೂ ಎಣ್ಣೆ ಸವರಿದ ಬಟ್ಟೆಯಲ್ಲಿ ಭದ್ರ. "ಮೊದ್ಲು ಬಿಳಿ ಟವೆಲ್ ಹಾಸ್ಕೊ. ಟೇಬಲ್ ಮೇಲೆ ಬಿದ್ದದ್ದು ಹಾರಿ ಹೋಗುತ್ತೆ, ಟವೆಲ್ ಮೇಲೆ ಬಿದ್ದದ್ದು ಅಲ್ಲೇ ಇರುತ್ತೆ" ಅಂದರು. ಮಡಚುವ ಕೀಯ ಒಳಗೆ ಸುರುಳಿ ಸ್ಪ್ರಿಂಗ್ ಇರುತ್ತದೆ. ಕೇಸ್ ಬಿಚ್ಚಿದ ಕೂಡಲೇ ಅದು ಚಿಮ್ಮಿತು. ಟವೆಲ್ ಮೇಲೆ ಬಿದ್ದು ಅಲ್ಲೇ ಇತ್ತು.

ಒಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಎರಡು ಕೀಗಳೂ ಕೆಲಸ ಮಾಡುತ್ತಿದ್ದರೆ ಮಾತ್ರ ಈ ಕೆಲಸಕ್ಕೆ ಕೈ ಹಾಕಿ. ಒಂದನ್ನು ಮುಟ್ಟದೆ ಹಾಗೇ ಇಡಿ. ಇರುವುದೇ ಒಂದು ಕೀ ಆಗಿದ್ದು ಅದರ ಚಿಪ್ ಒಡೆದರೆ ಗಾಡಿಯನ್ನು ಎಳೆಸಿಕೊಂಡೇ ಹೋಗಬೇಕು.

ಹಳೆ ಕೀಯ ಪ್ಲಾಸ್ಟಿಕ್ ತಲೆಯ ಅಂಚಿನಲ್ಲಿ ಎರಡು ಹೋಳು ಕೂಡಿದ ಗೆರೆ ಇತ್ತು. ಅದರ ಮೇಲೆ ಪೇಪರ್ ಕತ್ತರಿಸುವ ಚಾಕುವಿನ ತುದಿಯನ್ನು ಮೆಲ್ಲಗೆ ಎಳೆಯುತ್ತಾ ಹೋದೆ. ಒಂದೇ ಸಲಕ್ಕೆ ಒತ್ತಲಿಲ್ಲ, ಇಪ್ಪತ್ತು ಸಲ ಎಳೆದಿರಬೇಕು. ಇಕ್ಕಳ ಹಿಡಿದು ಹಿಂಡುವುದು, ಸುತ್ತಿಗೆಯಿಂದ ಬಡಿಯುವುದು ಬೇಡವೇ ಬೇಡ. ಕೆಲವು ಕೀಗಳಲ್ಲಿ ಚಿಪ್ ಅನ್ನುವುದು ಗಾಜಿನ ಸಣ್ಣ ಕೊಳವೆ. ಒಂದು ಏಟಿಗೆ ಪುಡಿ. ನನ್ನದರಲ್ಲಿ ಕಪ್ಪು ಇಟ್ಟಿಗೆಯಂಥ ಚಿಪ್ ಇತ್ತು. ಹುಣಸೆ ಬೀಜದಷ್ಟು ಉದ್ದ, ಅದರ ಅರ್ಧ ಅಗಲ. ಯಾವ ತಂತಿಯೂ ಅದಕ್ಕೆ ಅಂಟಿರಲಿಲ್ಲ. ಚಿಕ್ಕಪ್ಪ ಮಸೂರ ಹಾಕಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. "ಇಷ್ಟಕ್ಕೆ ಇಡೀ ಕಾರು ಕಾಯ್ತದಾ" ಅಂದರು.

ಅದು ಗುಂಡಿಯಲ್ಲಿ ಯಾವ ದಿಕ್ಕಿಗೆ ಮಲಗಿತ್ತು ಅಂತ ತೆಗೆಯುವ ಮುಂಚೆ ಫೋಟೋ ತೆಗೆದುಕೊಳ್ಳಿ. ಒಳಗಿನ ಸುರುಳಿ ಬಳೆಯ ಸುರುಳಿಗೆ ಸರಿಯಾದ ದಿಕ್ಕಿನಲ್ಲಿದ್ದರೆ ಮಾತ್ರ ಕರೆಂಟ್ ಚೆನ್ನಾಗಿ ಹುಟ್ಟುತ್ತದೆ. ಹೊಸ ಕೇಸಿನಲ್ಲಿ ಚಿಪ್ಪಿಗೆಂದೇ ಗುಂಡಿ ಇದ್ದರೆ ಅಲ್ಲೇ ಇಡಿ. ಜಾಗ ಸಾಲದು ಅಂತ ಬಾಲದ ಕಡೆ ಎಲ್ಲೋ ತುರುಕಿದರೆ ಬಳೆಯಿಂದ ದೂರವಾಗಿ ಗಾಡಿ ಒಮ್ಮೆ ಸ್ಟಾರ್ಟ್ ಆಗುತ್ತದೆ, ಒಮ್ಮೆ ಇಲ್ಲ. ಕೆಲವು ಕಾರುಗಳಲ್ಲಿ ಬೇರೆ ಚಿಪ್ ಸಿಗುವುದೇ ಇಲ್ಲ. ಅವುಗಳಲ್ಲಿ ಅದು ರಿಮೋಟಿನ ಬೋರ್ಡಿನ ಮೇಲೇ ಬೆಸುಗೆಯಾಗಿರುತ್ತದೆ. ಹಾಗಿದ್ದರೆ ಬೋರ್ಡ್ ಸಾಗಿಸಿದರೆ ಚಿಪ್ಪೂ ಬಂದ ಹಾಗೆ. ತಲೆಯೊಳಗೆ ಹುಡುಕಿ ಸಿಗಲಿಲ್ಲ ಅಂತ ಕೊರೆಯುತ್ತಾ ಹೋಗಬೇಡಿ.

ರಿಮೋಟ್ ಭಾಗ ಸುಲಭ. ಬೋರ್ಡನ್ನು ಅಂಚಿನಲ್ಲಿ ಹಿಡಿದು ಎತ್ತಿ ಹೊಸ ಜಾಗಕ್ಕೆ ಇಡುವುದು, ಅಷ್ಟೇ. ಸೆಲ್ಲನ್ನು ಹಿಡಿದಿರುವ ತಗಡಿನ ನಾಲಿಗೆಗಳನ್ನು ಬಗ್ಗಿಸದಿರಿ. ಸೆಲ್ಲಿನ ಹೆಸರಲ್ಲೇ ಅದರ ಅಳತೆ ಇದೆ. ಸಿಆರ್ 2032 ಅಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. 2016 ಅಂದರೆ ಅಷ್ಟೇ ಅಗಲ, ದಪ್ಪ 1.6. 1620 ಅಂದರೆ 16 ಅಗಲ, 2 ದಪ್ಪ. ಎಲ್ಲವೂ 3 ವೋಲ್ಟ್. 2032ರ ಜಾಗಕ್ಕೆ 2016 ಹಾಕಿದರೆ ಸಡಿಲವಾಗಿ ರಿಮೋಟ್ ಒಮ್ಮೊಮ್ಮೆ ಮಾತ್ರ ಕೆಲಸ ಮಾಡುತ್ತದೆ, ನಾವು ಬೋರ್ಡ್ ಹಾಳಾಯಿತು ಅಂದುಕೊಳ್ಳುತ್ತೇವೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಹಳೆ ಸೆಲ್ಲನ್ನು ಟವೆಲ್ ಮೇಲೆ ಬಿಟ್ಟು ಎದ್ದು ಹೋಗಬೇಡಿ. ನುಂಗಿದರೆ ಎರಡು ಗಂಟೆಯೊಳಗೇ ಗಂಟಲ ನಾಳವನ್ನು ಸುಡಬಲ್ಲದು. ನುಂಗಿರಬಹುದು ಅನ್ನುವ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಿ.

ಈ ರಿಮೋಟ್ ಗಾಡಿಗೆ ಏನು ಹೇಳುತ್ತದೆ ಅಂತಲೂ ತಿಳಿದುಕೊಳ್ಳಬೇಕು. ಸಾಮಾನ್ಯವಾಗಿ 433.92 ಮೆಗಾಹರ್ಟ್ಸ್‌ನ ರೇಡಿಯೋ ಅಲೆಯಲ್ಲಿ ಒಂದು ಸಂಖ್ಯೆ ಕಳಿಸುತ್ತದೆ. ಪ್ರತಿ ಸಲ ಒಂದೇ ಸಂಖ್ಯೆ ಕಳಿಸಿದರೆ ಪಕ್ಕದಲ್ಲಿ ನಿಂತವರು ಅದನ್ನು ಹಿಡಿದಿಟ್ಟುಕೊಂಡು ಆಮೇಲೆ ತಾವೇ ಕಳಿಸಬಹುದು. ಅದಕ್ಕೆ ಒತ್ತಿದಾಗಲೆಲ್ಲ ಬದಲಾಗುವ ಸಂಖ್ಯೆ ಬಂತು. ಹಿಂದೆ ಬಸ್ ಕಂಡಕ್ಟರ್ ಕೈಯಲ್ಲಿ ಟಿಕೆಟ್ ಪುಸ್ತಕ ಇರುತ್ತಿತ್ತಲ್ಲ, ಹರಿದ ಟಿಕೆಟ್ ಮತ್ತೆ ನಡೆಯುವುದಿಲ್ಲ, ಮುಂದಿನ ನಂಬರ್ ಯಾವುದು ಅಂತ ಲೆಕ್ಕ ಇಟ್ಟವರಿಗೆ ಗೊತ್ತು. ಹಾಗೆಯೇ ಇದು. ಇಂಥ ವಿಧಾನಗಳಲ್ಲಿ ಹೆಸರಾದ ಕೀಲಾಕ್ ಹುಟ್ಟಿದ್ದು 1980ರ ದಶಕದಲ್ಲಿ, ದಕ್ಷಿಣ ಆಫ್ರಿಕಾದಲ್ಲಿ. 1995ರಲ್ಲಿ ಅಮೆರಿಕದ ಮೈಕ್ರೋಚಿಪ್ ಕಂಪನಿ ಅದನ್ನು ಕೊಂಡುಕೊಂಡಿತು.

ಮನೆಯಲ್ಲಿ ಮಗು ರಿಮೋಟ್ ಹಿಡಿದು ಸುಮ್ನೆ ಒತ್ತುತ್ತಾ ಕೂತರೆ ಏನಾಗುತ್ತದೆ? ರಿಮೋಟಿನ ಲೆಕ್ಕ ಮುಂದೆ ಹೋಗುತ್ತದೆ, ಗಾಡಿಯದ್ದು ಅಲ್ಲೇ ನಿಂತಿರುತ್ತದೆ. ಕೀಲಾಕ್ ಪದ್ಧತಿಯಲ್ಲಿ ಸಾಮಾನ್ಯವಾಗಿ 16 ಸಂಖ್ಯೆಗಳಷ್ಟು ಮುಂದಿದ್ದರೆ ಗಾಡಿ ತಕ್ಷಣ ಒಪ್ಪಿಕೊಳ್ಳುತ್ತದೆ. ಅದಕ್ಕಿಂತ ಜಾಸ್ತಿ ಮುಂದಿದ್ದರೆ ಮೊದಲ ಸಲ ಒತ್ತಿದಾಗ ಸುಮ್ಮನಿದ್ದು, ಎರಡನೇ ಸಲ ಬಂದ ಸಂಖ್ಯೆ ಸಾಲಾಗಿದ್ದರೆ ಒಪ್ಪುತ್ತದೆ. ರಿಮೋಟ್ ಒಂದು ಸಲಕ್ಕೆ ಕೆಲಸ ಮಾಡಲಿಲ್ಲ, ಇನ್ನೊಂದು ಸಲ ಒತ್ತಿದೆ, ಮಾಡಿತು ಅಂತ ಹೇಳುತ್ತೇವಲ್ಲ, ಎಷ್ಟೋ ಸಲ ಒಳಗೆ ನಡೆದಿರುವುದು ಇದೇ.

ಕಂಪನಿಯಿಂದ ರಿಮೋಟೇ ಬಂದಿಲ್ಲದ ಗಾಡಿಗಳಿಗೆ ಸೆಂಟ್ರಲ್ ಲಾಕ್ ಕಿಟ್ ಹಾಕಿಸುತ್ತಾರೆ. ಮಡಚುವ ಕೀ ರೂಪದ ರಿಮೋಟ್ ಈಗ ಆ ಕಿಟ್ ಜೊತೆಗೇ ಬರುತ್ತದೆ. ಹಲ್ಲು ಕತ್ತರಿಸಿ, ಚಿಪ್ ಸಾಗಿಸಿದರೆ ಆಯಿತು. ರಿಮೋಟನ್ನು ಪರಿಚಯ ಮಾಡಿಕೊಡುವುದು ಡ್ಯಾಶ್‌ಬೋರ್ಡ್ ಕೆಳಗಿರುವ ಕಿಟ್ಟಿನ ಡಬ್ಬಿಗೆ, ಕಾರಿಗಲ್ಲ. ಅನೇಕ ಕಿಟ್‌ಗಳಲ್ಲಿ ಡಬ್ಬಿಯ ಸಣ್ಣ ಬಟನ್ ಒತ್ತಿ, ದೀಪ ಹತ್ತಿದಾಗ ರಿಮೋಟ್ ಒತ್ತಿದರೆ ಮುಗಿಯಿತು. ಆದರೆ ಕೊಳ್ಳುವ ಮುಂಚೆ ಒಂದು ವಿಚಾರಿಸಿ. ಅಗ್ಗದ ರಿಮೋಟ್‌ಗಳಲ್ಲಿ ಇವಿ 1527 ಅನ್ನುವ ಚಿಪ್ ಇರುವುದುಂಟು. ಅದು ಹೇಳುವುದು ಯಾವಾಗಲೂ ಒಂದೇ ಸಂಖ್ಯೆ. ಕಾಪಿ ಮಾಡುವ ರಿಮೋಟ್‌ಗಳು ಅಗ್ಗಕ್ಕೆ ಸಿಗುವ ಕಾಲ ಇದು. ಸಂತೆ, ಜಾತ್ರೆ, ಮದುವೆ ಛತ್ರದ ಮುಂದೆ ಗಾಡಿ ನಿಲ್ಲಿಸುವವರು ಸಂಖ್ಯೆ ಬದಲಾಗುವ ಕಿಟ್ಟನ್ನೇ ಕೇಳಿ ತೆಗೆದುಕೊಳ್ಳಿ. ನೂರಿನ್ನೂರು ರೂಪಾಯಿಗೆ ಚೌಕಾಸಿ ಮಾಡುವ ಜಾಗ ಇದಲ್ಲ. ಜೇಬಿನಲ್ಲಿಟ್ಟುಕೊಂಡೇ ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರುಗಳ ಕೀ ಬಗ್ಗೆ ನಾನು ಹೇಳುತ್ತಿಲ್ಲ. ಅದನ್ನು ಕಲಿಸಲು ಗಾಡಿಯ ಕಂಪ್ಯೂಟರಿಗೇ ಯಂತ್ರ ಜೋಡಿಸಬೇಕು, ಅದು ಬಲ್ಲವರಿಗೇ ಬಿಡಿ.

ಕೊನೆಗೆ ಸ್ಪ್ರಿಂಗ್. ಕೇಸ್ ಮುಚ್ಚುವಾಗ ಸ್ಪ್ರಿಂಗಿಗೆ ಒಂದು ಸುತ್ತು ಬಿಗಿ ಕೊಟ್ಟು ಕೂರಿಸಬೇಕು. ಬಿಗಿ ಇಲ್ಲದಿದ್ದರೆ ಬಟನ್ ಒತ್ತಿದಾಗ ಪಟ್ಟಿ ಅರ್ಧಕ್ಕೆ ಬಂದು ಸೋತು ನಿಲ್ಲುತ್ತದೆ. ನನಗೆ ಮೂರನೇ ಪ್ರಯತ್ನಕ್ಕೆ ಕೂತಿತು. ಪಟ್ಟಿಯನ್ನು ಹಿಡಿದಿರುವ ಸಣ್ಣ ಪಿನ್ ಪೂರ್ತಿ ಒಳಗೆ ಹೋಗಿದೆಯಾ ಅಂತ ಉಗುರಿನಿಂದ ಸವರಿ ನೋಡಿ. ಹೊರಗೆ ಉಳಿದಿದ್ದರೆ ಒಂದು ದಿನ ಉದುರಿ, ಪಟ್ಟಿ ಬೀಗದಲ್ಲೇ ಉಳಿದು ತಲೆ ಕೈಗೆ ಬರುತ್ತದೆ. ಕೇಸಿನ ಸಂದಿಗೆ ಫೆವಿಕ್ವಿಕ್ ಹಾಕುವುದು ಎಲ್ಲಾ ಪರೀಕ್ಷೆ ಮುಗಿದ ಮೇಲೆ. ನಾನಂತೂ ಹಾಕಲೇ ಇಲ್ಲ, ಸ್ಕ್ರೂ ಸಾಕು. ಎರಡು ವರ್ಷಕ್ಕೊಮ್ಮೆ ಸೆಲ್ ಬದಲಿಸಬೇಕಲ್ಲ. ಒಂದು ವಾರ ಹಳೆಯ ಎರಡನೇ ಕೀಯನ್ನೂ ಜೇಬಿನಲ್ಲಿಟ್ಟುಕೊಂಡೇ ಓಡಾಡಿದೆ. ಗುಬ್ಬಿಗೆ ಒಮ್ಮೆ, ಶಿರಾಕ್ಕೆ ಒಮ್ಮೆ ಹೋಗಿ ಬಂದ ಮೇಲೆ ನಂಬಿಕೆ ಬಂತು.

ಬಿಚ್ಚಿದ ಹಳೆ ಕೀಯ ಲೋಹದ ಪಟ್ಟಿ, ಎರಡು ಹೋಳಾದ ತಲೆ, ರಿಮೋಟಿನ ಖಾಲಿ ಕೇಸ್, ಕೇಸ್ ಕೊಂಡ ಬಿಲ್ಲು, ಹಲ್ಲು ಕತ್ತರಿಸಿದ ಚೀಟಿ, ನಂಬರಿನ ಬಿಲ್ಲೆ ಎಲ್ಲವನ್ನೂ ಒಂದು ಡಬ್ಬಿಗೆ ಹಾಕಿ ಬೀರುವಿನಲ್ಲಿಟ್ಟಿದ್ದೇನೆ. ಕಸಕ್ಕೆ ಹಾಕುವ ಮನಸ್ಸಾದರೂ ಹಾಕಬೇಡಿ. ಗಾಡಿ ಕಳವಾದರೆ ಇನ್ಶೂರೆನ್ಸ್‌ನವರು ಮೊದಲು ಕೇಳುವುದರಲ್ಲಿ ಕಂಪನಿ ಕೊಟ್ಟ ಎರಡೂ ಕೀಗಳು ಸೇರಿರುತ್ತವೆ. ಒಂದು ಇಲ್ಲ ಅಂದರೆ ಗಾಡಿಯಲ್ಲೇ ಬಿಟ್ಟಿದ್ದಿರಾ, ಯಾರಿಗಾದರೂ ಕೊಟ್ಟಿದ್ದಿರಾ ಅನ್ನುವ ಪ್ರಶ್ನೆಗಳು ಶುರುವಾಗುತ್ತವೆ. ಭಾವನೂ ಕೀ ಕಳೆದ ಬಗ್ಗೆ ಪೊಲೀಸರಿಗೆ ಕೊಟ್ಟ ದೂರಿನ ಪ್ರತಿಯನ್ನು ಆರ್‌ಸಿ ಪುಸ್ತಕದ ಜೊತೆಗೇ ಇಟ್ಟಿದ್ದಾರೆ.